ಗಾಜಿನ ಕೆಳಗಿನ ನೋಟು

ತಾತನ ಮೇಜಿನ ಮೇಲೆ ದಪ್ಪ ಗಾಜು ಹಾಸಿತ್ತು. ಅದರಡಿ ಮನೆಮಂದಿಯ ಫೋಟೊಗಳು, ಹಳೇ ಕ್ಯಾಲೆಂಡರಿನ ದೇವರ ಪಟ, ಎರಡು ರೂಪಾಯಿಯ ಒಂದು ನೋಟು. ಮೂರು ವರ್ಷದ ನಾನು ಆ ನೋಟನ್ನು ಎತ್ತಿಕೊಳ್ಳಲು ಗಾಜನ್ನು ಉಗುರಿನಿಂದ ಕೆರೆಯುತ್ತ ಕೂರುತ್ತಿದ್ದೆನಂತೆ. ಕಣ್ಣಿಗೆ ಕಂಡದ್ದು ಕೈಗೆ ಸಿಗಲೇಬೇಕು ಎಂಬ ನಂಬಿಕೆ ಮಕ್ಕಳಿಗೆ ಮಾತ್ರವಲ್ಲ, ನಮಗೆಲ್ಲರಿಗೂ ಇದೆ. ವೆಬ್ ಪುಟ ಕಟ್ಟುವ ಕೆಲಸಕ್ಕೆ ಬಿದ್ದ ಮೇಲೆ ಆ ಗಾಜು ನನಗೆ ಎಷ್ಟೋ ಸಲ ನೆನಪಾಗಿದೆ.

ಪುಟದಲ್ಲಿ ಒಂದು ಚಿತ್ರ, ಅದರ ಮೇಲೆ ಬರಹ, ಬರಹದ ಮೇಲೆ ಮೆನು, ಇವೆಲ್ಲವನ್ನೂ ಮುಚ್ಚಿಕೊಂಡು ಕಣ್ಣಿಗೇ ಕಾಣದ ಒಂದು ಪದರ. ನೀವು ಒತ್ತಿದ್ದು ಇವುಗಳಲ್ಲಿ ಯಾವುದಕ್ಕೆ ಸಲ್ಲಬೇಕು? ಅದನ್ನು ತೀರ್ಮಾನಿಸುವ ಕೆಲಸಕ್ಕೆ ಹಿಟ್ ಟೆಸ್ಟಿಂಗ್ ಎನ್ನುತ್ತಾರೆ. ಸ್ಥೂಲವಾಗಿ, ಚಿತ್ರಿಸಿದ ಕ್ರಮವನ್ನು ತಿರುಗುಮುರುಗಾಗಿ ನೋಡುವುದು: ಕೊನೆಗೆ ಚಿತ್ರಿಸಿದ್ದು ಎಲ್ಲಕ್ಕಿಂತ ಮೇಲಿದೆ, ಮೊದಲ ಹಕ್ಕು ಅದರದು. ಚಿತ್ರಿಸುವ ಕ್ರಮವನ್ನು ವೆಬ್ ಪುಟದ ರೂಪವಿನ್ಯಾಸದ ನಿಯಮಾವಳಿಯಾದ ಸಿಎಸ್‌ಎಸ್ 2.1 ಒಂದು ಅನುಬಂಧದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿತು. ಮುಟ್ಟುವ ಕ್ರಮವನ್ನು ಹಾಗೆ ಬರೆಯಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ. ಕಣ್ಣಿಗೆ ಕೊಟ್ಟ ಗಮನವನ್ನು ಬೆರಳಿಗೆ ಕೊಡಲಿಲ್ಲ.

ಹಾಗಾಗಿ ಒಂದೊಂದು ಬ್ರೌಸರಿನದು ಒಂದೊಂದು ದಾರಿ. ಹಿನ್ನೆಲೆ ಬಣ್ಣವಿಲ್ಲದ, ಡಿವ್ ಎಂಬ ಖಾಲಿ ಚೌಕವೊಂದನ್ನು ಚಿತ್ರದ ಮೇಲೆ ಹಾಸಿದರೆ ಫೈರ್‌ಫಾಕ್ಸ್‌ನಲ್ಲಿ ಅದು ತಾತನ ಗಾಜಿನಂತೆ ಬೆರಳನ್ನು ತಡೆಯುತ್ತಿತ್ತು. ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಕ್ಲಿಕ್ ಆ ಡಿವ್ ಅನ್ನು ತೂರಿಕೊಂಡು ಕೆಳಗಿನ ಚಿತ್ರಕ್ಕೇ ಹೋಗಿಬಿಡುತ್ತಿತ್ತು. ತಡೆಯಲು ಪಾರದರ್ಶಕ ಜಿಫ್ ಚಿತ್ರವೊಂದನ್ನು ಹಿನ್ನೆಲೆಗೆ ಕೊಡಬೇಕಿತ್ತು. ಏನೂ ಇಲ್ಲದ್ದಕ್ಕೆ ಏನೂ ಕಾಣದ್ದನ್ನು ಬಳಿಯುವ ಕೆಲಸ. ಇನ್ನು, ‘ನನ್ನನ್ನು ಬಿಡು, ಕೆಳಗಿನವರನ್ನು ಕೇಳು’ ಎಂದು ಹೇಳಲು ಪಾಯಿಂಟರ್-ಈವೆಂಟ್ಸ್ ಎಂಬ ಗುಣವಿದೆ. ಎಸ್‌ವಿಜಿ ಎಂಬ ಚಿತ್ರ ಮಾದರಿಗೆಂದು ಹುಟ್ಟಿದ ಇದನ್ನು ಫೈರ್‌ಫಾಕ್ಸ್ ತನ್ನ 3.6ನೇ ಆವೃತ್ತಿಯಲ್ಲಿ, 2010ರಲ್ಲಿ, ಸಾಮಾನ್ಯ ಪುಟಗಳಿಗೂ ತಂದಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಅದು ಬಂದದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ಒಂದೇ ಪುಟವನ್ನು ಎರಡು ಬಗೆಯಲ್ಲಿ ಬರೆದವರ ನಿದ್ದೆಗೆಟ್ಟ ಕಣ್ಣು ನನಗೆ ಗೊತ್ತು.

ಆದರೆ ನನ್ನನ್ನು ಕಾಡುವುದು ಬರೆಯುವವರ ಕಷ್ಟವಲ್ಲ. ಕೆಲವು ವರ್ಷಗಳ ಹಿಂದೆ ಅಪ್ಪ ತಮ್ಮ ಹಳೇ ಫೋನಿನಲ್ಲಿ ಬಸ್ಸಿಗೆ ಸೀಟು ಕಾದಿರಿಸುತ್ತಿದ್ದರು. ಅಡ್ಡ ಬಂದ ಜಾಹೀರಾತಿನ ಮೂಲೆಯ ಗುಣಾಕಾರ ಚಿಹ್ನೆ ಒತ್ತಿದರು. ಜಾಹೀರಾತು ಹೋಯಿತು, ಜೊತೆಗೆ ಅದರಡಿ ಇದ್ದ ಬೇರೆ ತಾರೀಖು ಆಯ್ಕೆಯಾಯಿತು. ಬೆರಳು ತಾಗಿದ ಕೂಡಲೇ ಪುಟ ಪದರವನ್ನು ತೆಗೆದಿತ್ತು. ಬ್ರೌಸರ್ ಮಾತ್ರ, ಹಿಗ್ಗಿಸಿ ನೋಡಲು ಇನ್ನೊಮ್ಮೆ ತಟ್ಟುತ್ತಾರೇನೋ ಎಂದು ಸುಮಾರು 300 ಮಿಲಿಸೆಕೆಂಡ್ ಕಾದು, ಆಮೇಲೆ ಕ್ಲಿಕ್ ಕಳಿಸಿತ್ತು. ಅಷ್ಟರಲ್ಲಿ ಆ ಜಾಗದಲ್ಲಿ ಇದ್ದದ್ದು ತಾರೀಖು.

“ನನ್ನ ಕೈಯೇ ನಡುಗಿತೇನೋ ಕಣೋ” ಎಂದರು ಅಪ್ಪ.

ಅದೇ ಪುಟವನ್ನು ನನ್ನ ಫೋನಿನ ಬೇರೆ ಬ್ರೌಸರಿನಲ್ಲಿ ತೆರೆದು, “ಅಪ್ಪಾ, ಇದರಲ್ಲಿ ಒತ್ತಿ ನೋಡಿ” ಎಂದು ಕೈಗೆ ಕೊಟ್ಟೆ. ಜಾಹೀರಾತು ಹೋಯಿತು. ತಾರೀಖು ಇದ್ದಂತೆಯೇ ಇತ್ತು.