ಹಳೆಯ ವೆಬ್ಲಿ ಕೊಳ್ಳುವವರಿಗೆ

1915ರಲ್ಲಿ ಬ್ರಿಟಿಷ್ ಸೇನೆಗೆ ಸೇರಿದ ವೆಬ್ಲಿ ಮಾರ್ಕ್ 6 ಡಬಲ್ ಆಕ್ಷನ್ ರಿವಾಲ್ವರನ್ನು ಇಂದು ಅಮೆರಿಕದಲ್ಲಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಹೊಳಪನ್ನಲ್ಲ, ಸಿಲಿಂಡರಿನ ಹಿಂಬದಿಯನ್ನು. ಎರಡನೇ ಮಹಾಯುದ್ಧದ ನಂತರ ಸೇನೆಗೆ ಬೇಡವಾಗಿ ಅಲ್ಲಿಗೆ ಬಂದ ಈ ರಿವಾಲ್ವರುಗಳಿಗೆ .455 ತೋಟಾ ಸಿಗುವುದು ಕಷ್ಟವಾಗಿತ್ತು. ಹಾಗಾಗಿ ಎಷ್ಟೋ ಸಿಲಿಂಡರುಗಳ ಹಿಂಬದಿಯನ್ನು ತುಸು ಅರೆದು, ಎಲ್ಲೆಡೆ ಸಿಗುವ .45 ಎಸಿಪಿ ತೋಟಾಗಳನ್ನು ತಗಡಿನ ಕ್ಲಿಪ್ಪಿಗೆ ಸಿಕ್ಕಿಸಿ ಹಾಕುವಂತೆ ಮಾಡಿದರು. ತೋಟಾ ಕೂರುತ್ತದೆ, ಸಿಡಿಯುತ್ತದೆ. ಆದರೆ .455ರ ಒತ್ತಡದ ಮಿತಿ ಚದರ ಇಂಚಿಗೆ ಸುಮಾರು 13,000 ಪೌಂಡ್; .45 ಎಸಿಪಿಯದು 21,000. ನಡುವೆ ಮಡಚಿಕೊಂಡು ತೆರೆಯುವ ವೆಬ್ಲಿಯನ್ನು ಹಿಡಿದಿಡುವುದು ಮೇಲೊಂದು ಚಿಲಕ, ಕೆಳಗೊಂದು ಕೀಲು, ಅಷ್ಟೇ. ಪ್ರತಿ ಹೊಡೆತದ ಹೆಚ್ಚುವರಿ ಪೆಟ್ಟನ್ನು ಅವೇ ತಾಳಬೇಕು.

ವರ್ಷಗಟ್ಟಲೆ ಹೀಗೇ ಹೊಡೆದಿದ್ದೇವೆ, ಏನೂ ಆಗಿಲ್ಲ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ ಲೋಹ ದಣಿಯುವುದು ಕಣ್ಣಿಗೆ ಕಾಣದಂತೆ. ನೂರು ವರ್ಷ ಹಳೆಯ ಉಕ್ಕು ಈಗಾಗಲೇ ಎಷ್ಟು ಹೊಡೆತ ತಿಂದಿದೆಯೋ ಕೊಳ್ಳುವವನಿಗೆ ತಿಳಿಯುವುದಿಲ್ಲ. ಅರೆದ ವೆಬ್ಲಿಯನ್ನು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಮೂಲ ತೋಟಾದ ಒತ್ತಡ ಮೀರದಂತೆ ಮದ್ದು ತುಂಬಿದ, ಮೆದು ಸೀಸದ ಗುಂಡಿನ ತೋಟಾಗಳನ್ನೇ ಬಳಸಿದರೆ ಅದು ಈಗಲೂ ಸೊಗಸಾದ ಆಯುಧ. ಕೊಳ್ಳುವ ಮುನ್ನ ಮಾತ್ರ ಬಲ್ಲ ಗನ್‌ಸ್ಮಿತ್ ಒಬ್ಬರು ಚಿಲಕ ಸಡಿಲವಾಗಿದೆಯೇ ಎಂದು ನೋಡಲಿ. ಖಾಲಿ ಇರುವುದನ್ನು ಖಚಿತಪಡಿಸಿಕೊಂಡು ಟ್ರಿಗರನ್ನು ನಿಧಾನವಾಗಿ ಎಳೆದು, ಆರೂ ಮನೆಗಳು ನಳಿಗೆಗೆ ನೇರವಾಗಿ ನಿಂತು ಬಿಗಿಯುತ್ತವೆಯೇ ಎಂದು ಒಂದೊಂದಾಗಿ ಪರೀಕ್ಷಿಸಲಿ.