ಬೂಸ್ಟು ಹಿಡಿದ ರೊಟ್ಟಿ

1979ರ ಮಳೆಗಾಲ. ಸಿಂದಗಿ ತಾಲ್ಲೂಕಿನ ಹಳ್ಳಿಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಪೆನಿಸಿಲಿನ್ ಕುರಿತು ಪಾಠ ಮಾಡಿದ್ದೆ. 1928ರಲ್ಲಿ ಫ್ಲೆಮಿಂಗ್ ಕಂಡ ಬೂಸ್ಟೇ ಮುಂದೆ ಔಷಧವಾಯಿತೆಂದು ಉತ್ಸಾಹದಿಂದ ವರ್ಣಿಸಿ, ಗಂಟೆ ಬಾರಿಸಿದೊಡನೆ ಹೊರಬಂದಿದ್ದೆ. ವಾರದ ಬಳಿಕ ಹುಡುಗನೊಬ್ಬ ಊದಿದ ಕಾಲೆಳೆದುಕೊಂಡು ಬಂದ. ಕುಡಗೋಲಿನ ಗಾಯಕ್ಕೆ ಬೂಸ್ಟು ಹಿಡಿದ ಜೋಳದ ರೊಟ್ಟಿಯನ್ನು ಕಟ್ಟಿದ್ದ. ಒಂದಿಷ್ಟು ತಿಂದೂ ಇದ್ದ. "ನೀವ ಹೇಳಿದ್ರಲ್ರಿ ಸರ್" ಎಂದ. ಸೈಕಲ್ಲಿನ ಮೇಲೆ ಕೂರಿಸಿಕೊಂಡು ವೈದ್ಯರಲ್ಲಿಗೆ ಕರೆದೊಯ್ದೆ. ಕಾಲು ಉಳಿಯಿತು.

ಅರ್ಧ ಪಾಠವನ್ನು ನಾನು ಹೇಳದೆ ಬಿಟ್ಟಿದ್ದೆ. ಆ ಬೂಸ್ಟಿನಿಂದ ಔಷಧವನ್ನು ಬೇರ್ಪಡಿಸಲು ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮತ್ತು ಸಂಗಡಿಗರು ಬಹಳ ಶ್ರಮಿಸಬೇಕಾಯಿತು. 1941ರಲ್ಲಿ ಸೋಂಕಿಗಾಗಿ ಅವರಿಂದ ಚಿಕಿತ್ಸೆ ಪಡೆದ ಮೊದಲ ರೋಗಿ, ಪೊಲೀಸ್ ಪೇದೆ ಆಲ್ಬರ್ಟ್ ಅಲೆಕ್ಸಾಂಡರ್, ಚೇತರಿಸಿಕೊಳ್ಳುತ್ತಿದ್ದಾಗಲೇ ಔಷಧ ತೀರಿಹೋಗಿ ಮರಣಹೊಂದಿದ. ರೊಟ್ಟಿಯ ಮೇಲಿನ ಬೂಸ್ಟು ಯಾವ ಜಾತಿಯದೆಂದು ಬರಿಗಣ್ಣಿಗೆ ತಿಳಿಯದು. ಕೆಲವು ಬೂಸ್ಟುಗಳ ವಿಷ ಬೇಯಿಸಿದರೂ ಅಳಿಯುವುದಿಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಜೋಳ, ಗೋವಿನಜೋಳ ತಿಂದವರು ಹೊಟ್ಟೆನೋವು, ಭೇದಿಯಿಂದ ನರಳಿದರು.

ಮುಂದೆ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಆ ಪಾಠ ಮಾಡಿದಾಗಲೆಲ್ಲ ಆ ಹುಡುಗನ ಕಾಲಿನಿಂದಲೇ ಆರಂಭಿಸಿದೆ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳಿಗೂ ಉಳಿದರ್ಧವನ್ನು ಹೇಳಿರಿ.