ಕೂಡಿ ಓಡಿದ ದಾರಿಗಳು

ಕಲಬುರಗಿಯ ಬಿಸಿಲನ್ನು ಕುರಿತು ವಾಚಕರಿಗೆ ನಾವು ಹೊಸದಾಗಿ ಹೇಳತಕ್ಕುದೇನೂ ಇಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಇಲ್ಲಿಯ ಸರಕಾರಿ ಕಚೇರಿಗಳೇ ವೇಳೆಯನ್ನು ಬದಲಿಸಿಕೊಂಡು, ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಬಾಗಿಲಿಕ್ಕುವುದುಂಟು. ಸರಕಾರವೇ ಸೂರ್ಯನಿಗೆ ಹೀಗೆ ತಲೆಬಾಗುವಾಗ, ಮಡದಿ ಮಕ್ಕಳೊಡನೆ ಓಡಲು ಹೊರಡುವ ಗೃಹಸ್ಥನು ಇನ್ನೆಷ್ಟು ಎಚ್ಚರದಿಂದಿರಬೇಕು! ಆದುದರಿಂದ ನಮ್ಮ ಮನೆಯ ಓಟವು ಬೇಸಿಗೆಯಲ್ಲಿ ಹೊತ್ತು ಮೂಡುವ ಮೊದಲೇ ಆರಂಭವಾಗಿ, ಬಿಸಿಲು ಗೋಡೆಯಿಂದ ಅಂಗಳಕ್ಕೆ ಇಳಿಯುವಷ್ಟರಲ್ಲಿ ಮುಗಿದಿರುತ್ತದೆ.

ಓಟವೆಂದೊಡನೆ ಪಂದ್ಯವನ್ನೂ ಪದಕವನ್ನೂ ನೆನೆಯುವವರು ಬಹಳ. ನಾವು ಹೇಳಹೊರಟಿರುವುದು ಅದಲ್ಲ. ಮನೆಮಂದಿಯೆಲ್ಲ ಕೂಡಿ, ಯಾರನ್ನೂ ಹಿಂದೆ ಹಾಕುವ ಹಟವಿಲ್ಲದೆ, ಊರನ್ನು ಕಾಲಿನಿಂದ ಅಳೆಯುವ ಓಟ.

ಇದು ಮೊದಲಾದ ಬಗೆಯನ್ನು ಹೇಳಬೇಕು. ನಮ್ಮ ಮನೆಯಲ್ಲಿ ನಾವು, ಮಕ್ಕಳ ತಾಯಿ, ಹನ್ನೆರಡು ತುಂಬಿದ ಮಗಳು, ಆರು ವರುಷದ ಮಗ, ಮತ್ತು ನಮ್ಮ ತಾಯಿಯವರು ಇದ್ದೇವೆ. ಮಗಳು ಶಾಲೆಯ ಆಟೋಟಗಳಲ್ಲಿ ತನ್ನ ಓರಗೆಯವರನ್ನೆಲ್ಲ ಹಿಂದೆ ಬಿಟ್ಟವಳು. ಆಕೆಗೆ ಹನ್ನೆರಡು ತುಂಬಿದೊಡನೆ ಓಣಿಯಲ್ಲಿ ಒಂದು ಮಾತು ಸುಳಿಯತೊಡಗಿತು: "ಇನ್ನ ಸಾಕು ಬಿಡ್ರಿ, ಹುಡುಗಿ ದೊಡ್ಡಾಕಿ ಆಗ್ಲತ್ತಾಳ." ಹೀಗೆಂದವರು ಕೆಟ್ಟವರಲ್ಲ, ನಮ್ಮ ಕಷ್ಟಸುಖಗಳಿಗೆ ಆದವರೇ. ಆದರೆ ತಮ್ಮನಿಗೆ ಯಾರೂ ‘ಸಾಕು’ ಎನ್ನುವುದಿಲ್ಲವೆಂಬುದನ್ನು ಮಗಳು ತಾನಾಗಿಯೇ ಕಂಡುಕೊಂಡು ತಾಯಿಯನ್ನು ಕೇಳಿದಳು. ಆಕೆ ಆಗ ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ 5-30ಕ್ಕೆ ಮಕ್ಕಳನ್ನು ಎಬ್ಬಿಸಿ, ಬಳಿಕ ನಮ್ಮನ್ನೂ ಎಬ್ಬಿಸಿ, "ಏಳ್ರಿ, ಎಲ್ಲಾರೂ ಕೂಡಿ ಓಡೂಣು. ಆಮ್ಯಾಲ ಯಾರು ಯಾರಿಗಿ ಏನಂತಾರ ನೋಡೂಣು" ಎಂದಳು.

ಅಂದು ಹೋದುದು ಅಪ್ಪನ ಕೆರೆಗೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ದೇವಾಲಯದ ಸಮೀಪದಲ್ಲಿರುವ ಈ ಕೆರೆಯ ಬಳಿ ಬೆಳಗಿನ ಹೊತ್ತು ನಡೆದಾಡುವವರು ಬಹು ಮಂದಿ. ನಾವು ನಾಲ್ವರೂ ಸಾಲಾಗಿ ಓಡಿಬರುವುದನ್ನು ಕಂಡು ಒಬ್ಬ ಹಿರಿಯರು ಕೋಲೂರಿ ನಿಂತರು.

"ಏನ್ರೀ, ಮನಿಮಂದಿ ಎಲ್ಲಾ ಎಲ್ಲಿಗಿ ಓಡ್ಲತ್ತೀರಿ? ಬಸ್ಸು ತಪ್ತದೇನು?"

"ಇಲ್ರಿ ಮುತ್ಯಾ, ಸುಮ್ನೆ ಓಡ್ಲತ್ತೀವಿ" ಎಂದು ಮಗನು ಉತ್ತರ ಕೊಟ್ಟನು.

ಮುತ್ಯಾನವರು ನಕ್ಕು ದಾರಿ ಬಿಟ್ಟರು. ವಾರ ಕಳೆಯುವಷ್ಟರಲ್ಲಿ ನಾವು ತಡವಾದರೆ ಅವರೇ ಕಾರಣ ಕೇಳತೊಡಗಿದರು. ಮಗಳು ಒಬ್ಬಳೇ ಓಡುತ್ತಿದ್ದರೆ ಅವರ ಪ್ರಶ್ನೆ ಇದೇ ಆಗಿರುತ್ತಿತ್ತೆಂದು ನಮಗೆ ತೋರುವುದಿಲ್ಲ.

ಕೂಡಿ ಓಡುವುದು ಹೇಳುವಷ್ಟು ಸುಲಭವಲ್ಲ. ಆರು ವರುಷದವನು ಬಾಣದಂತೆ ನೂರು ಹೆಜ್ಜೆ ಹಾರಿ, ಥಟ್ಟನೆ ಕುಳಿತು ಇರುವೆಯ ಸಾಲನ್ನು ನೋಡುತ್ತಾನೆ. ಚಿಕ್ಕ ಮಕ್ಕಳ ಓಟದ ಗುಣವೇ ಅದು. ಒಂದೇ ಸಮನೆ ಓಡುವುದು ದೊಡ್ಡವರ ಚಟ. ಆದುದರಿಂದ ಎಲ್ಲರಿಗಿಂತ ಚಿಕ್ಕವನು ನಿಂತಲ್ಲಿ ಎಲ್ಲರೂ ನಿಲ್ಲತಕ್ಕದ್ದೆಂದು ಕಟ್ಟಳೆ ಮಾಡಿಕೊಂಡೆವು. ಕೊನೆಯ ಸುತ್ತು ಮಾತ್ರ ಮಗಳದು. ಆಗ ಆಕೆ ತನ್ನ ಕಾಲಿಗೆ ಬಂದಷ್ಟು ಓಡಬಹುದು, ತಾಯಿ ಆದಷ್ಟು ಮಟ್ಟಿಗೆ ಬೆನ್ನು ಹತ್ತುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ, 5ರಿಂದ 17 ವರುಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳ ಹೊತ್ತು ಮೈ ಬೆಚ್ಚಗಾಗುವಂತೆ ಓಡಾಡಬೇಕೆಂದು ಹೇಳಿತು. ಅದು ಒಂದೇ ಬಾರಿಗೆ ಆಗಬೇಕೆಂದಿಲ್ಲ. ಆಟವೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಮರೆತು ಮಗುವಿನಿಂದ ಸಾಹಸ ಮಾಡಿಸಿದರೆ ಏನಾಗುವುದೆಂಬುದನ್ನು 2006ರಲ್ಲಿ ದೇಶವೇ ಕಂಡಿತು. ಒಡಿಶಾದ ಬುಧಿಯಾ ಸಿಂಗ್ ಎಂಬ ನಾಲ್ಕು ವರುಷದ ಬಾಲಕನನ್ನು ಪುರಿಯಿಂದ ಭುವನೇಶ್ವರದತ್ತ ಸುಮಾರು 65 ಕಿಲೋಮೀಟರು ಓಡಿಸಿದರು. ಬಳಿಕ ಸರಕಾರವು ಅವನ ದೂರದೋಟವನ್ನು ತಡೆಯಿತು. ಆ ಸುದ್ದಿಯನ್ನು ಓದಿ ಚಪ್ಪಾಳೆ ತಟ್ಟಿದವರೂ ಇದ್ದರು. ಹೆತ್ತವರಾದವರಿಗೆ ಚಪ್ಪಾಳೆ ಹೇಗೆ ಬರುತ್ತದೋ ನಮಗೆ ತಿಳಿಯದು.

ನಮ್ಮ ಸೀಮೆಯಲ್ಲಿ ಸೆಕೆಯ ಮಾತು ಬೇರೆ. ಮಗುವಿನ ತೂಕಕ್ಕೆ ಹೋಲಿಸಿದರೆ ಅದರ ಮೈಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಹೊರಗಿನ ಗಾಳಿ ಮೈಗಿಂತ ಬಿಸಿಯಾದಾಗ ಆ ಪುಟ್ಟ ಮೈ ಬೇಗನೆ ಕಾಯುತ್ತದೆ. ಬಾಯಾರಿಕೆಯೆಂದು ಹೇಳುವವರೆಗೂ ಕಾಯದೆ ನೀರು ಕುಡಿಸಬೇಕು. ಮುಖ ಕೆಂಪೇರಿ ಮಾತು ನಿಂತರೆ ಓಟವೂ ನಿಲ್ಲಬೇಕು.

ಭಾನುವಾರ ಕೋಟೆಗೆ ಹೋಗುವುದುಂಟು. 1347ರಲ್ಲಿ ಬಹಮನಿ ರಾಜ್ಯವನ್ನು ಸ್ಥಾಪಿಸಿದವರ ರಾಜಧಾನಿಯಿದು. ಬುರುಜಿನ ಮೇಲಿನ ಉದ್ದನೆಯ ತೋಪು 29 ಅಡಿಯೆಂದು ಹೇಳುತ್ತಾರೆ. ಮಗನು ಅದರ ಪಕ್ಕದಲ್ಲಿ ಎಷ್ಟು ಸಲ ಓಡಿದನೋ ಲೆಕ್ಕವಿಲ್ಲ. ಆದರೆ 1367ರ ಜಾಮಿ ಮಸೀದಿಯ ಬಳಿ ಯಾರೂ ಹೇಳದೆಯೇ ಅವನ ಕಾಲು ನಿಧಾನವಾಯಿತು. ಇತರ ಮಸೀದಿಗಳಿಗಿರುವಂತೆ ಇದಕ್ಕೆ ಬಯಲಂಗಳವಿಲ್ಲ. ಇಡೀ ಕಟ್ಟಡಕ್ಕೂ ಮಾಡು ಹೊದಿಸಿದೆ. ಸಾಲುಸಾಲಾದ ಕಮಾನುಗಳ ಕೆಳಗೆ ಬೇಸಿಗೆಯಲ್ಲಿಯೂ ನೆರಳು ದಟ್ಟವಾಗಿರುತ್ತದೆ. ಈ ಊರಿನ ಬಿಸಿಲನ್ನು ಅರಿತವರೇ ಇದನ್ನು ಕಟ್ಟಿಸಿರಬೇಕೆಂದು ಮಕ್ಕಳ ತಾಯಿಯ ಊಹೆ.

ನಮ್ಮ ತಾಯಿಯವರಿಗೆ ಮಾತ್ರ ಈ ಓಟ ಒಗ್ಗಿರಲಿಲ್ಲ. "ಹೆಣ್ಣುಮಕ್ಕಳ ಮೈಗಿ ಇದು ಆಗಲ್ದು" ಎಂಬುದು ಅವರ ವಾದ. ಇದು ನಮ್ಮ ಓಣಿಯ ವಾದ ಮಾತ್ರವಲ್ಲವೆಂದು ಮಗಳು ಪುಸ್ತಕವೊಂದನ್ನು ಹಿಡಿದು ಓದಿ ಹೇಳಿದಳು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರು ಓಡಿ ದಣಿದರೆಂಬ ನೆಪದಿಂದ, 1960ರವರೆಗೆ ಅವರಿಗೆ 200 ಮೀಟರಿಗಿಂತ ದೂರದ ಓಟವನ್ನೇ ಇಡಲಿಲ್ಲ. ಮ್ಯಾರಥಾನಿಗೆ ಅವಕಾಶ ದೊರೆತುದು 1984ರಲ್ಲಿ. ಅಜ್ಜಿ ಕನ್ನಡಕ ತೆಗೆದು, "ಗಂಡಸರು ದಣಿಲಿಲ್ಲೇನು ಹಂಗಾರ?" ಎಂದು ಕೇಳಿದರು. ಮುಂದೆ ಮಾತಾಡಲಿಲ್ಲ.

ಎಳ್ಳಮಾವಾಸ್ಯೆಗೆ ಕಮಲಾಪುರದ ಸ್ನೇಹಿತರೊಬ್ಬರು ತಮ್ಮ ಹೊಲಕ್ಕೆ ಕರೆದರು. ನಮ್ಮ ಸೀಮೆಯಲ್ಲಿ ಅಂದು ಮನೆಯೊಳಗೆ ಉಳಿಯುವವರು ಕಡಿಮೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಮಾಡಿ, ಬೆಳೆಯ ಸುತ್ತಲೂ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುವ ಹಬ್ಬವದು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರು ಪಯಣ. ಈ ಸಲ ಅಜ್ಜಿಯೂ ಬಸ್ಸನ್ನೇರಿದರು. ತೊಗರಿಯ ಕರಿನೆಲ ಹಿಂದೆ ಸರಿದು ಗುಡ್ಡಗಳು ಎದ್ದಂತೆ ಗಾಳಿಯೂ ಬದಲಾಯಿತು.

ಕಮಲಾಪುರವೆಂದರೆ ಕೆಂಪು ಬಾಳೆ. ಭೌಗೋಳಿಕ ಗುರುತನ್ನು ಪಡೆದ ಈ ಹಣ್ಣು ಗುಡ್ಡಗಳ ನಡುವಣ ತಗ್ಗಿನಲ್ಲಿ ಬೆಳೆಯುತ್ತದೆ. ನೀರು, ಗೊಬ್ಬರ, ಆಳು ಎಲ್ಲವನ್ನೂ ಧಾರಾಳವಾಗಿ ಬೇಡುತ್ತದೆ. ಕೊಯ್ಲಿಗೆ ಬರಲು ಸಾಧಾರಣ ಬಾಳೆಗಿಂತ ಹೆಚ್ಚು ತಿಂಗಳು ಹಿಡಿಯುತ್ತದೆ. ದಾರಿಯ ಬದಿಯಲ್ಲಿ ಗೊನೆಗಳನ್ನು ತೂಗುಹಾಕಿದ್ದರು. ಅಜ್ಜಿ ಬೆಲೆ ಕೇಳಿ ಹುಬ್ಬೇರಿಸಿ, ಹಿಂದಕ್ಕೆ ಹೋಗುವಾಗ ಕೊಳ್ಳುವುದೆಂದು ತೀರ್ಪು ಕೊಟ್ಟರು.

ಊರ ಹೊರಗಿನ ಬಂಡಿದಾರಿಯಲ್ಲಿ ಮಕ್ಕಳ ಕಾಲು ತಾವಾಗಿಯೇ ಓಟಕ್ಕಿಳಿದುವು. ಡಾಂಬರಿನ ಮೇಲೆ ಓಡಿದವರಿಗೆ ಮಣ್ಣಿನ ದಾರಿಯ ಮೆತ್ತನೆಯ ಸುಖ ಬೇರೆ. ಎರಡು ಕಡೆಯೂ ಜೋಳ. ತೆನೆಯ ಮೇಲಿನ ಇಬ್ಬನಿ ತೋಳಿಗೆ ತಗಲುತ್ತಿತ್ತು. ತಾಯಿ ಮಗಳು ಮುಂದಾದರು. ನಾವು ಮಗನೊಡನೆ ಹಿಂದೆ ಉಳಿದೆವು. ನಮ್ಮ ಹಿಂದೆ ಅಜ್ಜಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ನಡಿಗೆಯೆನ್ನಲಾಗದ ನಡಿಗೆಯಿಂದ ಬರುತ್ತಿದ್ದರು.

"ನಮ್ಮ ಅಪ್ಪನ ಹೊಲ್ದಾಗ ನಾನೂ ಓಡ್ತಿದ್ದೆ" ಎಂದರು. "ಲಗ್ನ ಆದಮ್ಯಾಲ ಒಮ್ಮೆನೇ ಓಡೀನಿ, ಬಸ್ಸಿಗಿ."

ಹೊಲದಲ್ಲಿ ಪೂಜೆಯಾಯಿತು, ಚರಗವಾಯಿತು. ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಎಲ್ಲವೂ ಬುಟ್ಟಿಯಿಂದ ಹೊರಬಿದ್ದುವು. ನಮ್ಮ ಮಗಳು ಊಟಕ್ಕೆ ಮೊದಲು ಬಾಳೆಯ ತೋಟದವರೆಗೆ ಓಡಿ ಬರುವೆನೆಂದು ಎದ್ದಳು. ಸ್ನೇಹಿತರ ಮಗಳು, ಹದಿಮೂರರವಳು, ರೊಟ್ಟಿಯ ಗಂಟನ್ನು ಬಿಚ್ಚುತ್ತಾ ಈಕೆಯ ಬೂಟನ್ನೇ ನೋಡುತ್ತಿದ್ದಳು. "ನೀನೂ ಬರ್ತೀಯೇನು?" ಎಂದು ನಮ್ಮವಳು ಕರೆದಳು. ಆ ಹುಡುಗಿ ತಂದೆಯ ಮುಖ ನೋಡಿದಳು. ತಂದೆ ತಮ್ಮ ತಾಯಿಯ ಮುಖ ನೋಡಿದರು. ಆ ಮುದುಕಿ ನಮ್ಮ ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯವರು ಅಂಬಲಿಯ ಬಟ್ಟಲನ್ನು ಕೆಳಗಿಟ್ಟು, "ಹೋಗಿ ಬರ್ಲಿ ಬಿಡ್ರಿ, ಕೂಡೇ ಹೋಗ್ತಾವ, ಕೂಡೇ ಬರ್ತಾವ" ಎಂದರು.

ಆ ಹುಡುಗಿ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಿನಲ್ಲಿ ಹೊರಟಳು. ಬೇವಿನ ಮರ ದಾಟುವವರೆಗೆ ಇಬ್ಬರೂ ಸಮನಾಗಿದ್ದರು. ಅಲ್ಲಿಂದ ಮುಂದೆ ನಮ್ಮ ಮಗಳು ಹಿಂದೆ ಬಿದ್ದಳು. ಇನ್ನೊಬ್ಬ ಹುಡುಗಿಯ ಬೆನ್ನನ್ನು ಆಕೆ ಓಟದಲ್ಲಿ ಕಂಡುದು ಅದೇ ಮೊದಲು. ತೋಟದ ಅಂಚಿನಲ್ಲಿ ಇಬ್ಬರೂ ಮೊಣಕಾಲಿಗೆ ಕೈಯಿಟ್ಟು ನಗುತ್ತಾ ನಿಂತುದು ನಮಗೆ ಕಾಣಿಸಿತು. ಊಟಕ್ಕೆ ಎಷ್ಟು ಕೂಗಿದರೂ ಬೇಗನೆ ಬರಲಿಲ್ಲ.